ಓಡದ ಕಾರಿಗೂ ವಯಸ್ಸಾಗುತ್ತದೆ



ನಮ್ಮ ಮನೆಯ ಕಾರನ್ನು ನಿಮ್ಮಲ್ಲಿ ಅನೇಕರು ಬಲ್ಲಿರಿ. ನಾನಿನ್ನೂ ಸೇವೆಯಲ್ಲಿದ್ದಾಗ, 2012ರಲ್ಲಿ, ಸಾಲ ಮಾಡಿ ಕೊಂಡ ಬೂದು ಬಣ್ಣದ ವ್ಯಾಗನ್ ಆರ್ ಅದು. ಇಷ್ಟು ವರ್ಷಗಳಲ್ಲಿ ಅದು ಕ್ರಮಿಸಿರುವ ದೂರ ಕೇವಲ 33 ಸಾವಿರ ಕಿಲೋಮೀಟರ್. ಟ್ಯಾಕ್ಸಿ ಓಡಿಸುವವರು ಇಷ್ಟು ದೂರವನ್ನು ಒಂದು ವರ್ಷದೊಳಗೇ ಮುಗಿಸಿಬಿಡುತ್ತಾರೆ. ರವೀಂದ್ರನಗರದ ನಮ್ಮ ಮನೆಯಿಂದ ದುರ್ಗಿಗುಡಿಗೆ, ಗಾಂಧಿಬಜಾರಿಗೆ, ಬ್ಯಾಂಕಿಗೆ, ಮಳೆ ಬಂದರೆ ಗಣಪತಿ ದೇವಸ್ಥಾನಕ್ಕೆ. ಹೀಗೆ ಎರಡು ಮೂರು ಕಿಲೋಮೀಟರಿನ ತಿರುಗಾಟವೇ ಅದರ ಮುಖ್ಯ ಉದ್ಯೋಗ. ಇದಲ್ಲದೆ ವರ್ಷಕ್ಕೆ ಮೂರು ನಾಲ್ಕು ಬಾರಿ ನನ್ನ ಶ್ರೀಮತಿಯವರ ತಪಾಸಣೆಗಾಗಿ ಮಣಿಪಾಲದ ಪ್ರಯಾಣ. ವಾಸ್ತವವಾಗಿ ಆ ಕಾರನ್ನು ನಾನು ಇನ್ನೂ ಇಟ್ಟುಕೊಂಡಿರುವುದು ಆ ಮೂರು ನಾಲ್ಕು ದಿನಗಳಿಗಾಗಿಯೇ.

ಇತ್ತೀಚೆಗೆ ವಾರ್ಷಿಕ ಸರ್ವೀಸಿಗೆಂದು ನಗರದ ಒಂದು ದೊಡ್ಡ ಸರ್ವೀಸ್ ಕೇಂದ್ರಕ್ಕೆ ಅದನ್ನು ಒಯ್ದಿದ್ದೆ. ಅಲ್ಲಿನ ಯುವಕ ಅತ್ಯಂತ ವಿನಯದಿಂದ ಕುರ್ಚಿ ಕೊಟ್ಟು, ನೀರು ಕೊಟ್ಟು, ಹದಿಮೂರು ಬಾಬ್ತುಗಳ ಒಂದು ಎಸ್ಟಿಮೇಟನ್ನು ಕೈಗಿತ್ತ. ಒಟ್ಟು ಮೊತ್ತ 27,400 ರೂಪಾಯಿ. "ಸಾರ್, ಗಾಡಿ ಹಳೇದಾಯ್ತಲ್ಲ, ಎಲ್ಲಾ ಒಟ್ಟಿಗೆ ಮಾಡಿಸಿಬಿಟ್ರೆ ನಿಶ್ಚಿಂತೆ" ಎಂದ. ಯೋಚಿಸಿ ಹೇಳುತ್ತೇನೆಂದು ಮನೆಗೆ ಬಂದೆ. ಪಕ್ಕದ ಮನೆಯ ಮಿತ್ರರಿಗೆ ಪಟ್ಟಿಯನ್ನು ತೋರಿಸಿದರೆ ಅವರು ಗಟ್ಟಿಯಾಗಿ ನಕ್ಕರು. "ಮೇಷ್ಟ್ರೇ, ನಿಮ್ಮ ಗಾಡಿ ಓಡೇ ಇಲ್ಲ, ಅದಕ್ಕೆಂಥ ಸರ್ವೀಸು? ಆಯಿಲ್ ಕೂಡ ಹಾಗೇ ಬಂಗಾರದ ಬಣ್ಣ ಇರುತ್ತೆ. ಸುಮ್ನೆ ಇಟ್ಕೊಳ್ಳಿ."

ಒಬ್ಬರು ಎಲ್ಲವೂ ಬೇಕು ಎನ್ನುತ್ತಾರೆ, ಇನ್ನೊಬ್ಬರು ಏನೂ ಬೇಡ ಎನ್ನುತ್ತಾರೆ. ನಮ್ಮಂಥ ನಿವೃತ್ತರ ಮನೆಗಳ ಮುಂದೆ ನಿಂತಿರುವ ಬಹುಪಾಲು ಕಾರುಗಳ ಭವಿಷ್ಯ ಈ ಎರಡು ಮಾತುಗಳ ನಡುವೆಯೇ ತೂಗಾಡುತ್ತಿದೆ. ಎರಡೂ ತಪ್ಪೆಂಬುದು ನನ್ನ ಖಚಿತ ಅಭಿಪ್ರಾಯ. ಎರಡನೆಯದು ಮೊದಲನೆಯದಕ್ಕಿಂತ ಹೆಚ್ಚು ಅಪಾಯಕಾರಿ. ಅದನ್ನು ನಾನು ಪುಸ್ತಕದಿಂದ ಕಲಿತದ್ದಲ್ಲ, ಆಗುಂಬೆ ಘಾಟಿಯಲ್ಲಿ ಕಲಿತದ್ದು.

2022ರ ಜನವರಿ. ಕೊರೊನಾದ ಎರಡು ವರ್ಷಗಳಲ್ಲಿ ಕಾರು ಹೆಚ್ಚಾಗಿ ಮನೆಯ ಮುಂದೆಯೇ ನಿಂತಿತ್ತು. ಕಿಲೋಮೀಟರ್ ಏರಿರಲಿಲ್ಲವಾದ್ದರಿಂದ ಸರ್ವೀಸಿನ ಅಗತ್ಯವಿಲ್ಲವೆಂದು ನಾನೇ ತೀರ್ಮಾನಿಸಿದ್ದೆ. ಖರ್ಚು ಉಳಿಯಿತೆಂಬ ಸಮಾಧಾನವೂ ಇತ್ತು. ಬೆಳಿಗ್ಗೆ ಹೊರಟು ತೀರ್ಥಹಳ್ಳಿಯಲ್ಲಿ ತಿಂಡಿ ತಿಂದು, ಆಗುಂಬೆ ದಾಟಿ ಘಾಟಿ ಇಳಿಯತೊಡಗಿದೆವು. ಅಲ್ಲಿಂದ ಸೋಮೇಶ್ವರಕ್ಕೆ ಇಳಿಯುವವರೆಗೆ ಹದಿನಾಲ್ಕು ಹೇರ್‌ಪಿನ್ ತಿರುವುಗಳಿವೆಯೆಂಬುದು ನಿಮಗೆಲ್ಲ ತಿಳಿದದ್ದೇ. ಮುಂದೆ ಒಂದು ಬಸ್ಸು ನಿಧಾನವಾಗಿ ಇಳಿಯುತ್ತಿದ್ದುದರಿಂದ ನಾನು ಬ್ರೇಕಿನ ಮೇಲಿಟ್ಟ ಕಾಲನ್ನು ತೆಗೆದಿರಲೇ ಇಲ್ಲ. ಅರ್ಧ ಘಾಟಿ ಇಳಿದಿರಬಹುದು, ಪೆಡಲ್ ಇದ್ದಕ್ಕಿದ್ದಂತೆ ಮೆತ್ತಗಾಯಿತು. ಒತ್ತಿದರೆ ಹತ್ತಿಯ ದಿಂಬನ್ನು ಒತ್ತಿದಂತೆ ಒಳಕ್ಕೆ ಹೋಗುತ್ತಿತ್ತು, ಗಾಡಿ ಮಾತ್ರ ನಿಲ್ಲುತ್ತಿರಲಿಲ್ಲ. ಮೇಲಿಂದ ಮೇಲೆ ಒತ್ತಿ, ಗೇರನ್ನು ಎರಡಕ್ಕೆ, ಆಮೇಲೆ ಒಂದಕ್ಕೆ ಇಳಿಸಿ, ಕೈಬ್ರೇಕನ್ನು ಎಳೆದು ಹೇಗೋ ಗುಡ್ಡದ ಬದಿಯ ಚರಂಡಿಯಂಚಿಗೆ ತಂದು ನಿಲ್ಲಿಸಿದೆ. ಕೈಗಳು ನಡುಗುತ್ತಿದ್ದವು. ನನ್ನಾಕೆ ಒಂದು ಮಾತನ್ನೂ ಆಡದೆ ನೀರಿನ ಬಾಟಲಿಯನ್ನು ನನ್ನ ಕೈಗೆ ಕೊಟ್ಟಳು. ಆ ಮೌನವನ್ನು ನಾನು ಮರೆತಿಲ್ಲ.

ಮುಕ್ಕಾಲು ಗಂಟೆ ಅಲ್ಲಿಯೇ ನಿಂತಿದ್ದೆವು. ತಣಿದ ಮೇಲೆ ಪೆಡಲ್ ಮತ್ತೆ ಗಟ್ಟಿಯಾಯಿತು. ಉಳಿದ ದಾರಿಯನ್ನು ಒಂದನೆಯ ಗೇರಿನಲ್ಲಿ ಇಳಿದು, ಹೆಬ್ರಿಯಲ್ಲಿ ಮೆಕ್ಯಾನಿಕ್ಕಿಗೆ ತೋರಿಸಿ ಮಣಿಪಾಲ ಸೇರಿದೆವು. ಶಿವಮೊಗ್ಗಕ್ಕೆ ಮರಳಿದ ಮೇಲೆ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನಲ್ಲಿ ಗ್ಯಾರೇಜ್ ಇಟ್ಟುಕೊಂಡಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಬಳಿ ಹೋದೆ. ಅವನು ಬ್ರೇಕ್ ಆಯಿಲನ್ನು ಒಂದು ಗಾಜಿನ ಲೋಟಕ್ಕೆ ತೆಗೆದು ತೋರಿಸಿದ. ಹೊಸದಾಗಿದ್ದಾಗ ತಿಳಿಹಳದಿಯಾಗಿರಬೇಕಾದ ದ್ರವ ಕಷಾಯದ ಬಣ್ಣಕ್ಕೆ ತಿರುಗಿತ್ತು. "ಇದನ್ನ ಎಷ್ಟು ವರ್ಷದ ಹಿಂದೆ ಬದಲಾಯಿಸಿದ್ರಿ ಸಾರ್?" ಎಂದು ಕೇಳಿದ. ಕಡತ ತೆಗೆದು ನೋಡಿದರೆ ಏಳು ವರ್ಷಗಳಾಗಿದ್ದವು.

ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಪಾಸ್ಕಲನ ನಿಯಮವನ್ನು ಪಾಠ ಮಾಡಿದವನು ನಾನು. ದ್ರವವನ್ನು ಸುಲಭವಾಗಿ ಹಿಸುಕಲಾಗದು, ಆದ್ದರಿಂದ ಪೆಡಲಿನ ಮೇಲೆ ಹಾಕಿದ ಒತ್ತಡ ನಾಲ್ಕೂ ಚಕ್ರಗಳಿಗೆ ತಲುಪುತ್ತದೆಯೆಂದು ಕಪ್ಪುಹಲಗೆಯ ಮೇಲೆ ಚಿತ್ರ ಬರೆದು ವಿವರಿಸುತ್ತಿದ್ದೆ. ಆದರೆ ಅನಿಲವನ್ನು ಹಿಸುಕಬಹುದು ಎಂಬ ಮುಂದಿನ ವಾಕ್ಯವನ್ನು ನನ್ನ ಕಾರಿನ ಸಂದರ್ಭದಲ್ಲಿ ಮರೆತಿದ್ದೆ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುವ ಗುಣವುಳ್ಳದ್ದು. ಆಷಾಢದಲ್ಲಿ ಅಡುಗೆಮನೆಯ ಜಾಡಿಯ ಉಪ್ಪು ತಾನೇ ನೀರೊಡೆಯುವುದನ್ನು ಮಲೆನಾಡಿನ ತಾಯಂದಿರಿಗೆ ವಿವರಿಸಬೇಕಾಗಿಲ್ಲ, ಇದೂ ಹಾಗೆಯೇ. ಡಾಟ್ 3 ಎಂಬ ದರ್ಜೆಯ ಹೊಸ ದ್ರವ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ಅದೇ ದ್ರವದಲ್ಲಿ ಶೇಕಡಾ ಮೂರೂವರೆಯಿಂದ ನಾಲ್ಕರಷ್ಟು ನೀರು ಸೇರಿದಾಗ ಆ ಮಿತಿ 140ಕ್ಕೆ ಇಳಿಯುತ್ತದೆ. ಘಾಟಿಯಲ್ಲಿ ಬ್ರೇಕ್ ಕಾದಾಗ ಅದು ಕುದಿದು ಆವಿಯ ಗುಳ್ಳೆಗಳಾಗುತ್ತದೆ. ಆಗ ನಮ್ಮ ಕಾಲು ಆ ಗುಳ್ಳೆಗಳನ್ನು ಹಿಸುಕುತ್ತದೆಯೇ ಹೊರತು ಬ್ರೇಕನ್ನು ಒತ್ತುವುದಿಲ್ಲ. ಈ ನೀರು ಸೇರುವುದಕ್ಕೂ ಕಾರು ಓಡಿದ ದೂರಕ್ಕೂ ಹೆಚ್ಚಿನ ಸಂಬಂಧವಿಲ್ಲ. ಮನೆಯ ಮುಂದೆ ನಿಂತಿದ್ದರೂ ಅದು ಸೇರುತ್ತಲೇ ಇರುತ್ತದೆ.

ನಾನು ಹೇಳಬೇಕೆಂದಿರುವ ಮುಖ್ಯ ವಿಷಯ ಇದೇ. ಕಾರಿನಲ್ಲಿ ಎರಡು ಬಗೆಯ ಸವೆತಗಳಿವೆ. ಒಂದು ದಾರಿಯಿಂದ ಆಗುವುದು, ಇನ್ನೊಂದು ಕಾಲದಿಂದ ಆಗುವುದು. ಕಡಿಮೆ ಓಡಿದ ಕಾರು ಮೊದಲನೆಯದರಿಂದ ಪಾರಾಗುತ್ತದೆ, ಎರಡನೆಯದರಿಂದ ಪಾರಾಗುವುದಿಲ್ಲ. ಆದ್ದರಿಂದ ಯಾವುದೇ ರಿಪೇರಿಯ ಪಟ್ಟಿ ಕೈಗೆ ಬಂದಾಗ ಪ್ರತಿಯೊಂದು ಬಾಬ್ತಿನ ಮುಂದೆಯೂ ಎರಡು ಪ್ರಶ್ನೆಗಳನ್ನು ಹಾಕಿಕೊಳ್ಳಬೇಕು. ಇದು ಹಾಳಾಗುವುದು ಓಡುವುದರಿಂದಲೋ, ದಿನ ಕಳೆಯುವುದರಿಂದಲೋ? ಇದು ಕೈಕೊಟ್ಟರೆ ಹೋಗುವುದು ಪ್ರಾಣವೋ, ಹಣವೋ, ಬರೀ ಅಂದವೋ?

ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಯಂತ್ರಗಳ ದುರಸ್ತಿ ವಿಭಾಗದಲ್ಲಿದ್ದ ನನ್ನ ತಂದೆಯವರು ಇದನ್ನು ಬೇರೆ ಮಾತಿನಲ್ಲಿ ಹೇಳುತ್ತಿದ್ದರು: "ಓಡೋ ಯಂತ್ರ ಕೂಗಿ ಹೇಳುತ್ತೆ. ನಿಂತ ಯಂತ್ರ ಹೇಳೋದಿಲ್ಲ, ನಾವೇ ಹೋಗಿ ಕೇಳ್ಬೇಕು." ಚಿಕ್ಕಂದಿನಲ್ಲಿ ಅದರ ಅರ್ಥ ನನಗಾಗಿರಲಿಲ್ಲ. 2015ರ ಹೊತ್ತಿಗೆ ಭದ್ರಾವತಿಯ ಮೈಸೂರು ಕಾಗದ ಕಾರ್ಖಾನೆಯಲ್ಲಿ ಉತ್ಪಾದನೆ ನಿಂತುಹೋಯಿತು. ಆಮೇಲೆ ಆ ರಸ್ತೆಯಲ್ಲಿ ಹಾದುಹೋಗುವಾಗಲೆಲ್ಲ ತಂದೆಯವರ ಮಾತು ನೆನಪಾಗುತ್ತದೆ. ನಿಂತ ಕಬ್ಬಿಣ ವಿಶ್ರಾಂತಿ ಪಡೆಯುವುದಿಲ್ಲ, ತುಕ್ಕು ಹಿಡಿಯುತ್ತದೆ.

ಈಗ ಮತ್ತೆ ನನ್ನ ಎಸ್ಟಿಮೇಟಿಗೆ ಬರುತ್ತೇನೆ. ಒಂದು ಹಾಳೆಯ ಮೇಲೆ ಪ್ರಾಣ, ಯಂತ್ರ, ಅಂದ ಎಂದು ಮೂರು ಕಾಲಂ ಗೀಚಿ, ಕಾರಿನೊಡನೆ ಬಂದಿದ್ದ ಕೈಪಿಡಿಯನ್ನು ಪಕ್ಕದಲ್ಲಿಟ್ಟುಕೊಂಡು ಕುಳಿತೆ. ಪ್ರಶ್ನೆಪತ್ರಿಕೆಯಲ್ಲಿ ಕಡ್ಡಾಯ ಪ್ರಶ್ನೆಗಳಾವುವು, ಐಚ್ಛಿಕ ಪ್ರಶ್ನೆಗಳಾವುವು ಎಂದು ಮೊದಲು ಗುರುತಿಸಿಕೊಳ್ಳಿರೆಂದು ನಿಮಗೆಲ್ಲ ಹೇಳುತ್ತಿದ್ದೆನಲ್ಲ, ಅದೇ ಕ್ರಮ.

ಪ್ರಾಣದ ಕಾಲಮಿನಲ್ಲಿ ಬ್ರೇಕ್ ಆಯಿಲ್ ಮೊದಲು ಬಂತು. ಎರಡು ವರ್ಷಕ್ಕೊಮ್ಮೆ ಕಡ್ಡಾಯ. ನಾನು ಕೊಟ್ಟದ್ದು ಏಳುನೂರು ರೂಪಾಯಿ. 27 ಸಾವಿರದ ಪಟ್ಟಿಯಲ್ಲಿ ಅತ್ಯಂತ ಅಗ್ಗದ ಬಾಬ್ತುಗಳಲ್ಲಿ ಒಂದು. ಬ್ರೇಕ್ ಪ್ಯಾಡುಗಳನ್ನೂ ಬದಲಿಸಬೇಕೆಂದು ಬರೆದಿತ್ತು. ಚಕ್ರ ಬಿಚ್ಚಿ ತೋರಿಸಿದಾಗ ಅರ್ಧಕ್ಕಿಂತ ಹೆಚ್ಚು ದಪ್ಪ ಉಳಿದಿತ್ತು, ಆದ್ದರಿಂದ ಬೇಡವೆಂದೆ. ಪ್ಯಾಡ್ ಸವೆಯುವುದು ಉಜ್ಜುವುದರಿಂದ. ಅಲ್ಲಿ ಕಣ್ಣಳತೆಯೇ ಪ್ರಮಾಣ.

ಟೈರಿನ ವಿಷಯವನ್ನೂ ಇಲ್ಲಿಯೇ ಹೇಳಬೇಕು. ಅಚ್ಚು 1.6 ಮಿಲಿಮೀಟರಿಗೆ ಇಳಿದರೆ ಟೈರನ್ನು ಬದಲಿಸಬೇಕೆಂಬುದು ನಿಯಮ. ಆದರೆ ನಮ್ಮಂಥವರ ಟೈರುಗಳು ಆ ಮಿತಿಗೆ ಎಂದೂ ಇಳಿಯುವುದಿಲ್ಲ, ಅದಕ್ಕೆ ಮೊದಲೇ ರಬ್ಬರ್ ಒಣಗಿ ಪಕ್ಕಗಳಲ್ಲಿ ಸಣ್ಣ ಬಿರುಕುಗಳು ಮೂಡುತ್ತವೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳ ಒಂದು ಅಚ್ಚು ಇರುತ್ತದೆ. ಮೊದಲ ಎರಡು ಅಂಕಿಗಳು ವಾರವನ್ನೂ ಕೊನೆಯ ಎರಡು ಅಂಕಿಗಳು ವರ್ಷವನ್ನೂ ಸೂಚಿಸುತ್ತವೆ. 1112 ಎಂದಿದ್ದರೆ 2012ನೆಯ ಇಸವಿಯ ಹನ್ನೊಂದನೆಯ ವಾರದಲ್ಲಿ ತಯಾರಾದದ್ದು. 2022ರಲ್ಲಿ ನನ್ನ ಕಾರಿನ ಮೇಲಿದ್ದುದು ಅದೇ ಟೈರುಗಳು. ನೋಡಲು ಹೊಸದರಂತೆ, ವಯಸ್ಸು ಹತ್ತು ವರ್ಷ. ಘಾಟಿಯಲ್ಲಿ ಅವೂ ನಮ್ಮನ್ನು ಕೈಬಿಡಬಹುದಿತ್ತು. ಐದು ವರ್ಷ ದಾಟಿದ ಟೈರನ್ನು ವರ್ಷಕ್ಕೊಮ್ಮೆ ಪರೀಕ್ಷಿಸಬೇಕು, ಹತ್ತು ವರ್ಷವಾದದ್ದನ್ನು ಅಚ್ಚು ಎಷ್ಟೇ ಇದ್ದರೂ ಇಟ್ಟುಕೊಳ್ಳಬಾರದು. ಸ್ಟೆಪ್ನಿಗೂ ಇದೇ ನಿಯಮ.

ಯಂತ್ರದ ಕಾಲಮಿನಲ್ಲಿ ಎಂಜಿನ್ ಆಯಿಲ್ ಮತ್ತು ಅದರ ಫಿಲ್ಟರ್. ಸಾಮಾನ್ಯವಾಗಿ ಹತ್ತು ಸಾವಿರ ಕಿಲೋಮೀಟರ್ ಅಥವಾ ಹನ್ನೆರಡು ತಿಂಗಳು, ಇವುಗಳಲ್ಲಿ ಯಾವುದು ಮೊದಲೋ ಅದು. ನಮ್ಮ ನೆರೆಯವರು ಮೊದಲರ್ಧವನ್ನು ಮಾತ್ರ ಓದುತ್ತಾರೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು ಒಂದು ಲೀಟರಿನಷ್ಟು ನೀರು ಆವಿರೂಪದಲ್ಲಿ ಹುಟ್ಟುತ್ತದೆ. ಅದರಲ್ಲಿ ಬಹುಪಾಲು ಸೈಲೆನ್ಸರಿನಿಂದ ಹೊರಹೋದರೂ ಸ್ವಲ್ಪ ಭಾಗ ಆಯಿಲಿಗೆ ಇಳಿಯುತ್ತದೆ. ದೂರ ಓಡಿದ ಎಂಜಿನ್ ಚೆನ್ನಾಗಿ ಕಾದು ಆ ನೀರನ್ನು ಮತ್ತೆ ಆವಿ ಮಾಡಿ ಹೊರದೂಡುತ್ತದೆ. ಗಾಂಧಿಬಜಾರಿಗೆ ಹೋಗಿ ತರಕಾರಿ ತರುವ ಎಂಜಿನ್ ಕಾಯುವ ಮೊದಲೇ ಆರುತ್ತದೆ. ನೀರು ಅಲ್ಲಿಯೇ ಉಳಿದು ಆಯಿಲನ್ನು ಕೆಡಿಸುತ್ತದೆ. ಆಯಿಲ್ ತುಂಬುವ ಮುಚ್ಚಳದ ಒಳಬದಿಯಲ್ಲಿ ಹಾಲುಕಾಫಿಯ ಬಣ್ಣದ ಲೇಪ ಕಂಡರೆ ಅದರ ಕಾರಣ ಬಹುಮಟ್ಟಿಗೆ ಇದೇ. ಕಡಿಮೆ ಓಡುವ ಕಾರಿಗೆ ಸೌಮ್ಯವಾದ ಬದುಕು ಎಂಬುದು ನಮ್ಮ ಭ್ರಮೆ. ಅದರ ಬದುಕು ನಿಜಕ್ಕೂ ಕಷ್ಟದ್ದು.

ಇದೇ ಕಾರಣಕ್ಕೆ ಬೆಳಿಗ್ಗೆ ಎದ್ದು ಐದು ನಿಮಿಷ ನಿಂತಲ್ಲಿಯೇ ಎಂಜಿನ್ ಓಡಿಸಿ ಆರಿಸುವ ನಮ್ಮ ಬಡಾವಣೆಯ ಪದ್ಧತಿಯೂ ಉಪಕಾರಿಯಲ್ಲ. ಅದರಿಂದ ಆಯಿಲೂ ಕಾಯದು, ಸ್ಟಾರ್ಟ್ ಮಾಡಲು ಖರ್ಚಾದ ಬ್ಯಾಟರಿಯ ಶಕ್ತಿಯೂ ಪೂರ್ತಿ ಮರಳದು. ಬ್ಯಾಟರಿಯಂತೂ ಓಡಲಿ ಬಿಡಲಿ, ಮೂರರಿಂದ ಐದು ವರ್ಷಗಳಲ್ಲಿ ತನ್ನ ಆಯುಷ್ಯ ಮುಗಿಸುತ್ತದೆ. ಪಟ್ಟಿಯಲ್ಲಿ ಹೊಸ ಬ್ಯಾಟರಿಯ ಬೆಲೆಯೂ ಇತ್ತು. ಅದನ್ನು ಪರೀಕ್ಷಿಸಿರೆಂದು ಕೇಳಿಕೊಂಡೆ. ಇನ್ನೂ ಗಟ್ಟಿಯಾಗಿದೆಯೆಂದು ಮಾಪಕವೇ ಹೇಳಿದ ಮೇಲೆ ಆ ಬಾಬ್ತೂ ಅಳಿಸಿಹೋಯಿತು. ರೇಡಿಯೇಟರಿನ ಕೂಲೆಂಟನ್ನು ಬದಲಿಸಲು ಒಪ್ಪಿದೆ. ತುಕ್ಕನ್ನು ತಡೆಯಲು ಅದರಲ್ಲಿ ಸೇರಿಸಿರುವ ರಾಸಾಯನಿಕಗಳೂ ವರ್ಷಗಳು ಕಳೆದಂತೆ ಶಕ್ತಿಗುಂದುತ್ತವೆ.

ಸ್ಪಾರ್ಕ್ ಪ್ಲಗ್ಗುಗಳು ದಾರಿಯ ಲೆಕ್ಕಕ್ಕೆ ಸೇರಿದವು. ಎಂಜಿನ್ ಸಮವಾಗಿ ಓಡುತ್ತಿದೆ, ಹೊಗೆ ತಪಾಸಣೆಯಲ್ಲಿ ತೇರ್ಗಡೆಯಾಗಿದೆ. ಹೀಗಿರುವಾಗ ಈ ವರ್ಷ ಬೇಡ. ಇಂಜೆಕ್ಟರ್ ಶುದ್ಧೀಕರಣ, ಎಂಜಿನ್ ಫ್ಲಶ್ ಎಂಬ ದುಬಾರಿ ಬಾಬ್ತುಗಳೂ ಇದ್ದವು. ರೋಗಲಕ್ಷಣವೇ ಇಲ್ಲದವನಿಗೆ ಔಷಧವೇಕೆ? ವೀಲ್ ಅಲೈನ್‌ಮೆಂಟ್ ಬೇಕಾಗುವುದು ಗಾಡಿ ಒಂದು ಬದಿಗೆ ಎಳೆಯುತ್ತಿದ್ದರೆ ಅಥವಾ ಟೈರು ಒಂದೇ ಅಂಚಿನಲ್ಲಿ ಸವೆಯುತ್ತಿದ್ದರೆ. ಎರಡೂ ಇರಲಿಲ್ಲ.

ಅಂದದ ಕಾಲಮಿಗೆ ಬಣ್ಣದ ಮೇಲಿನ ಲೇಪನ, ಒಳಗಿನ ಪಾಲಿಶ್, ಏಸಿಗೆ ಸುಗಂಧದ ಸಿಂಪಡಣೆ ಇತ್ಯಾದಿಗಳು ಹೋದವು. ಅಡಿಭಾಗದ ತುಕ್ಕುನಿರೋಧಕ ಲೇಪನದ ಬಗ್ಗೆ ಮಾತ್ರ ಸ್ವಲ್ಪ ಯೋಚಿಸಿದೆ. ಮಳೆನಾಡಿನಲ್ಲಿರುವವರು ಅದನ್ನು ತಳ್ಳಿಹಾಕುವಂತಿಲ್ಲ. ಆದರೆ ಮಳೆಗಾಲದ ಕೆಸರನ್ನು ಪೂರ್ತಿ ತೊಳೆದು, ಒಣಗಿಸಿ, ಇರುವ ತುಕ್ಕನ್ನು ಉಜ್ಜಿ ತೆಗೆಯದೆ ಮೇಲೆ ಲೇಪ ಬಳಿದರೆ ತೇವವನ್ನು ಒಳಗೆ ಬಂಧಿಸಿಟ್ಟಂತಾಗುತ್ತದೆ. ಬೇಸಗೆಯಲ್ಲಿ ನೋಡಿದರಾಯಿತೆಂದು ಬರೆದಿಟ್ಟೆ.

ಇಷ್ಟೆಲ್ಲ ಮಾಡಿದ ಮೇಲೆ ಒಂದು ವಿಚಿತ್ರ ಗಮನಕ್ಕೆ ಬಂತು. ನಿಜವಾಗಿ ಬೇಕಾಗಿದ್ದ ಕೆಲವು ಕೆಲಸಗಳು ಆ ಉದ್ದನೆಯ ಪಟ್ಟಿಯಲ್ಲಿ ಇರಲೇ ಇಲ್ಲ. ಹಿಂದಿನ ಚಕ್ರಗಳ ಡ್ರಮ್ ಬಿಚ್ಚಿ ಒರೆಸುವುದು, ಬ್ರೇಕಿನ ರಬ್ಬರ್ ಹೋಸ್‌ಗಳನ್ನು ಬಾಗಿಸಿ ಬಿರುಕು ನೋಡುವುದು, ಫ್ಯಾನ್ ಬೆಲ್ಟ್, ವೈಪರಿನ ರಬ್ಬರ್, ಪೆಟ್ರೋಲ್ ಸಾಗುವ ರಬ್ಬರ್ ಕೊಳವೆಗಳು. ಇವೆಲ್ಲ ಕಾಲದಿಂದ ಕೆಡುವ ವಸ್ತುಗಳು. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಚಾಲನೆ ಪಡೆದ ಶೇಕಡಾ 20 ಎಥನಾಲ್ ಬೆರೆತ ಪೆಟ್ರೋಲ್ ಈಗ ಎಲ್ಲ ಕಡೆ ಬಂದಿರುವುದರಿಂದ, ಅದಕ್ಕೆಂದು ತಯಾರಾಗದ ಹಳೆಯ ಕಾರುಗಳಲ್ಲಿ ಆ ಕೊಳವೆಗಳನ್ನು ವರ್ಷಕ್ಕೊಮ್ಮೆ ನೋಡಿಸುವುದು ವಿವೇಕ. ಎಥನಾಲ್ ಕೂಡ ನೀರನ್ನು ಹೀರುವಂಥದ್ದೇ. ಟ್ಯಾಂಕಿನಲ್ಲಿ ಅದೇ ಪೆಟ್ರೋಲನ್ನು ತಿಂಗಳುಗಟ್ಟಲೆ ಬಿಡಬಾರದು. ನಿಂತ ಕಾರಿನ ಬಾನೆಟ್ಟಿನಡಿ ಇಲಿಗಳು ಸಂಸಾರ ಹೂಡಿ ತಂತಿ ಕಡಿಯುವ ಕಥೆ ನಮ್ಮ ಬೀದಿಯಲ್ಲಿ ಮನೆಗೊಂದರಂತಿದೆ. ವಾರಕ್ಕೊಮ್ಮೆ ಬಾನೆಟ್ ತೆರೆದು ನೋಡಲು ಖರ್ಚೇನೂ ಇಲ್ಲ. ಮಳೆಗಾಲದಲ್ಲಿ ಬಹಳ ದಿನ ನಿಲ್ಲಿಸುವುದಾದರೆ ಕೈಬ್ರೇಕ್ ಎಳೆಯದೆ ಗೇರಿನಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಡುವುದು ಲೇಸು. ಇಲ್ಲವಾದರೆ ಬ್ರೇಕ್ ಶೂ ಡ್ರಮ್ಮಿಗೆ ಕಚ್ಚಿಕೊಳ್ಳುವುದುಂಟು.

ಕೊನೆಗೆ ನಾನು ಮಾಡಿಸಿದ ಕೆಲಸಗಳ ಒಟ್ಟು ಖರ್ಚು 6,850 ರೂಪಾಯಿ. ಪಟ್ಟಿಯಲ್ಲಿಲ್ಲದ ಕೆಲಸಗಳೂ ಅದರಲ್ಲಿಯೇ ಸೇರಿವೆ. ಇಪ್ಪತ್ತು ಸಾವಿರ ಉಳಿಸಿದೆನೆಂಬ ಹೆಮ್ಮೆಯನ್ನು ಹೇಳಿಕೊಳ್ಳಲು ಇದನ್ನು ಬರೆಯುತ್ತಿಲ್ಲ. ಏಳುನೂರು ರೂಪಾಯಿ ಉಳಿಸಲು ಹೋಗಿ ಏನನ್ನು ಕಳೆದುಕೊಳ್ಳಲಿದ್ದೆ ಎಂಬುದು ನನಗೆ ನೆನಪಿದೆ. ಜಿಪುಣತನ ಬೇರೆ, ವಿವೇಚನೆ ಬೇರೆ. ಬೇಡದ್ದಕ್ಕೆ ಇಲ್ಲವೆನ್ನುವ ಧೈರ್ಯ ಬರುವುದು ಬೇಕಾದದ್ದನ್ನು ತಪ್ಪದೆ ಮಾಡಿಸಿದವನಿಗೆ ಮಾತ್ರ.

ಸರ್ವೀಸ್ ಕೇಂದ್ರದ ಆ ಹುಡುಗನನ್ನು ನಾನು ದೂರುವುದಿಲ್ಲ. ತಿಂಗಳಿಗೆ ಇಷ್ಟು ಮಾರಬೇಕೆಂಬ ಗುರಿ ಅವನ ತಲೆಯ ಮೇಲಿರುತ್ತದೆ, ಅವನ ಮನೆಯಲ್ಲಿಯೂ ಒಲೆ ಉರಿಯಬೇಕು. ಜಗಳ ಬೇಡ. "ತೋರಿಸಪ್ಪ" ಎಂಬ ಒಂದು ಮಾತು ಸಾಕು. ಕೆಟ್ಟಿದೆಯೆನ್ನುವ ಭಾಗವನ್ನು ತೋರಿಸಲಿ, ತೆಗೆದ ಹಳೆಯ ಭಾಗವನ್ನು ಡಿಕ್ಕಿಯಲ್ಲಿ ಇಡಲಿ. ಅದೇ ರೀತಿ, ಪ್ರಾಮಾಣಿಕವಾಗಿ ಒಂದು ಗಂಟೆ ಅಡಿಯಲ್ಲಿ ಮಲಗಿ ಎಲ್ಲವನ್ನೂ ನೋಡಿ "ಏನೂ ಬೇಡ ಸಾರ್" ಎನ್ನುವ ಮೆಕ್ಯಾನಿಕ್ಕಿಗೂ ನಾವು ಕೂಲಿ ಕೊಡಬೇಕು. ಏನನ್ನೂ ಬದಲಿಸಲಿಲ್ಲವೆಂದು ಬರಿಗೈಯಲ್ಲಿ ಕಳುಹಿಸಿದರೆ, ಮುಂದಿನ ಸಲ ಬದಲಿಸಲು ಏನನ್ನಾದರೂ ಹುಡುಕುವಂತೆ ನಾವೇ ಅವನಿಗೆ ಕಲಿಸಿದಂತಾಗುತ್ತದೆ.

2027ಕ್ಕೆ ನಮ್ಮ ಕಾರಿಗೆ ಹದಿನೈದು ವರ್ಷ ತುಂಬುತ್ತದೆ. ಆಗ ಆರ್.ಟಿ.ಓ. ಕಚೇರಿಯಲ್ಲಿ ತಪಾಸಣೆ ಮಾಡಿಸಿ ನೋಂದಣಿಯನ್ನು ನವೀಕರಿಸಬೇಕು. ಮಾರಿಬಿಡಿ ಅಪ್ಪಾ, ಟ್ಯಾಕ್ಸಿಯಲ್ಲಿ ಹೋಗಿಬನ್ನಿ ಎಂದು ಬೆಂಗಳೂರಿನಿಂದ ಮಗ ಹೇಳುತ್ತಿರುತ್ತಾನೆ. ಲೆಕ್ಕಾಚಾರದಲ್ಲಿ ಅವನ ಮಾತು ಸರಿಯೇ ಇರಬಹುದು. ಕಣ್ಣು, ಕೈಗಳು ಇನ್ನು ಸಾಕು ಎಂದ ದಿನ ಮಾರುತ್ತೇನೆ. ಅಲ್ಲಿಯವರೆಗೆ ಅದನ್ನು ಸುಸ್ಥಿತಿಯಲ್ಲಿಡುವುದು, ಅದರಲ್ಲಿ ನನ್ನ ಪಕ್ಕ ಕೂರುವವಳಿಗೆ ನಾನು ಸಲ್ಲಿಸಬೇಕಾದ ಕರ್ತವ್ಯ.

ಈಗ ಪ್ರತಿ ಭಾನುವಾರ ಬೆಳಿಗ್ಗೆ ನಾವಿಬ್ಬರೂ ಭದ್ರಾವತಿಗೆ ಹೋಗಿ ಬರುತ್ತೇವೆ. ಹೋಗಿ ಬರಲು ನಲವತ್ತು ಕಿಲೋಮೀಟರಿನಷ್ಟಾಗುತ್ತದೆ. ಎಂಜಿನ್ ಚೆನ್ನಾಗಿ ಕಾಯುತ್ತದೆ, ಬ್ಯಾಟರಿ ತುಂಬುತ್ತದೆ, ಅಲ್ಲಿರುವ ನನ್ನ ಅಕ್ಕನನ್ನೂ ನೋಡಿದಂತಾಗುತ್ತದೆ. ಘಾಟಿಯ ದಿನ ಮಾತ್ರ ಆಗುಂಬೆಯಲ್ಲಿ ಒಂದು ಕಾಫಿ ಕುಡಿದು, ಎರಡನೆಯ ಗೇರಿಗೆ ಹಾಕಿ, ಪೆಡಲನ್ನು ಒಮ್ಮೆ ಒತ್ತಿ ನೋಡಿಯೇ ಇಳಿಯುವುದು. "ಗಟ್ಟಿ ಇದೆಯೇನ್ರೀ?" ಎಂದು ನನ್ನಾಕೆ ಪ್ರತಿ ಸಲವೂ ಕೇಳುತ್ತಾಳೆ. ಗಟ್ಟಿ ಇದೆ ಎನ್ನುತ್ತೇನೆ.

ನಿಮ್ಮ ಮನೆಗಳಲ್ಲಿಯೂ ತಂದೆಯವರದೋ ಮಾವನವರದೋ ಇಂಥ ಒಂದು ಕಾರು ಮುಸುಕು ಹೊದ್ದು ನಿಂತಿರಬಹುದು. ಮುಂದಿನ ಸಲ ಊರಿಗೆ ಹೋದಾಗ ಆ ಮುಸುಕನ್ನು ಸರಿಸಿ, ಟೈರಿನ ಪಕ್ಕದ ಆ ನಾಲ್ಕು ಅಂಕಿಗಳನ್ನು ಓದಿ. ಬ್ರೇಕ್ ಆಯಿಲ್ ಯಾವ ವರ್ಷದ್ದೆಂದು ವಿಚಾರಿಸಿ. ಹಿರಿಯರು ತಾವಾಗಿ ಹೇಳುವುದಿಲ್ಲ, ನಿಂತ ಯಂತ್ರವೂ ಹೇಳುವುದಿಲ್ಲ. ನೀವೇ ಹೋಗಿ ಕೇಳಬೇಕು.